ಒಂದು ಸಾಲಿಗೆ ಕೊಟ್ಟ ಬಣ್ಣ ಎಲ್ಲ ಸಾಲಿಗೂ ಯಾಕೆ ಹತ್ತಿಕೊಳ್ಳುತ್ತದೆ?

ಪ್ರಶ್ನೆ: ರಾಜಾಜಿನಗರದಲ್ಲಿ ನಮ್ಮದು ಯುಪಿಎಸ್, ಇನ್ವರ್ಟರ್ ಸರ್ವಿಸ್ ಅಂಗಡಿ. ತಂದೆಯವರ ಕಾಲದಲ್ಲಿ ಜಾಬ್ ಕಾರ್ಡನ್ನು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸುತ್ತಿದ್ದೆವು. ವಾರಂಟಿಗೆ ಗುಲಾಬಿ, ಎಎಂಸಿಗೆ (ವಾರ್ಷಿಕ ನಿರ್ವಹಣೆ ಕರಾರು) ಹಳದಿ, ಕ್ಯಾಷ್ ಕೆಲಸಕ್ಕೆ ಬಿಳಿ. ಈಗ ಎಲ್ಲವೂ ದಾಖಲೆ ಇಡುವ ತಂತ್ರಾಂಶವಾದ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿದೆ. ಒಂದು ಫಾರ್ಮ್‌ನಲ್ಲಿ ಜಾಬ್‌ಗಳು ಸಾಲಾಗಿ ಕಾಣುತ್ತವೆ. ಬಗೆಗೆ ತಕ್ಕ ಬಣ್ಣ ಬರಲಿ ಎಂದು ಕೋಡ್ ಬರೆದೆ. ವಾರಂಟಿ ಜಾಬ್ ಮೇಲೆ ಕ್ಲಿಕ್ ಮಾಡಿದರೆ ಎಲ್ಲ ಸಾಲೂ ಗುಲಾಬಿ, ಎಎಂಸಿ ಮೇಲೆ ಕ್ಲಿಕ್ ಮಾಡಿದರೆ ಎಲ್ಲವೂ ಹಳದಿ. ಅಲ್ಲದೆ ರಿಪೀಟ್ ಕಂಪ್ಲೇಂಟ್, ಹೊರಗೆ ಕೊಟ್ಟಿದ್ದು, ಪಾರ್ಟ್ ಬರಬೇಕು, ಎಸ್ಟಿಮೇಟ್ ಒಪ್ಪಿಗೆ ಬಾಕಿ ಎಂದು ಬಗೆಗಳು ಬೆಳೆಯುತ್ತಲೇ ಇವೆ. ಒಂದು ಕಂಪ್ಯೂಟರ್‌ನಲ್ಲಿ ಇನ್ನೂ ಆಕ್ಸೆಸ್ 2007 ಇದೆ. ಹೊಸ ಬಗೆ ಬಂದಾಗ ಕೌಂಟರ್ ಹುಡುಗರೇ ಬಣ್ಣ ಆರಿಸಿಕೊಳ್ಳುವ ಹಾಗೆ ಮಾಡಬಹುದೇ?

ಉತ್ತರ: ಮಾಡಬಹುದು. ನಿಮ್ಮ ಕೋಡ್ ಕೆಟ್ಟದ್ದಲ್ಲ, ಅದನ್ನು ಇಟ್ಟ ಜಾಗ ಸರಿಯಿಲ್ಲ ಅಷ್ಟೇ.

ಸಾಲಾಗಿ ಕಾಣುವ ಈ ಫಾರ್ಮಿಗೆ ಕಂಟಿನ್ಯೂಯಸ್ ಫಾರ್ಮ್ ಎನ್ನುತ್ತಾರೆ. ಪರದೆಯ ಮೇಲೆ ಇಪ್ಪತ್ತು ಸಾಲು ಕಂಡರೂ ಅಲ್ಲಿ ಇಪ್ಪತ್ತು ಸಾಲಿನ ಪೆಟ್ಟಿಗೆಗಳಿಲ್ಲ. ಡಿಸೈನ್ ವ್ಯೂನಲ್ಲಿ ತೆರೆದು ನೋಡಿ, ಡೀಟೇಲ್ ಸೆಕ್ಷನ್‌ನಲ್ಲಿ ಇರುವುದು ಒಂದೇ ಸಾಲು. ಆಕ್ಸೆಸ್ ಅದನ್ನೇ ರಬ್ಬರ್ ಸ್ಟ್ಯಾಂಪಿನ ಹಾಗೆ ಮೇಲಿಂದ ಕೆಳಗೆ ಒತ್ತುತ್ತಾ ಹೋಗುತ್ತದೆ. ಒತ್ತುವಾಗ ಗಿರಾಕಿಯ ಹೆಸರು, ತಾರೀಕು, ಮೊತ್ತ ಮಾತ್ರ ಬದಲಾಗುತ್ತವೆ. ಅಗಲ, ಎತ್ತರ, ಫಾಂಟ್, ಹಿನ್ನೆಲೆ ಬಣ್ಣ ಇವೆಲ್ಲ ಆ ಒಂದು ಸಾಲಿಗೆ ಸೇರಿದ್ದು. ನೀವು ಹೇಳುವ ಲಕ್ಷಣ ನೋಡಿದರೆ ಕೋಡ್ ಇರುವುದು ಫಾರ್ಮ್‌ನ ಆನ್ ಕರೆಂಟ್ ಈವೆಂಟ್‌ನಲ್ಲಿ. ನೀವು ಒಂದು ರೆಕಾರ್ಡಿಗೆ ಹೋದಾಗ ಅದು ಓಡುತ್ತದೆ, ಬ್ಯಾಕ್ ಕಲರ್ ಬದಲಿಸುತ್ತದೆ, ಆ ಬಣ್ಣದಲ್ಲೇ ಎಲ್ಲ ಸಾಲೂ ಮತ್ತೆ ಮೂಡುತ್ತದೆ. ಒಂದು ಸಲಕ್ಕೆ ಒಂದೇ ಜಾಬ್ ತೋರಿಸುವ ಸಿಂಗಲ್ ಫಾರ್ಮ್ ಆಗಿದ್ದರೆ ಇದೇ ಕೋಡ್ ಸರಿಯಾಗಿ ಕೆಲಸ ಮಾಡುತ್ತಿತ್ತು.

ಪ್ರತಿ ಸಾಲಿಗೂ ಬೇರೆ ಬಣ್ಣ ಬೇಕಿದ್ದರೆ ಸಾಲನ್ನು ಬಿಡಿಸುವ ಹೊತ್ತಿನಲ್ಲೇ ಆಕ್ಸೆಸ್ ಆ ರೆಕಾರ್ಡನ್ನು ನೋಡಿ ತೀರ್ಮಾನ ಮಾಡಬೇಕು. ಅದಕ್ಕೆಂದೇ ಇರುವುದು ಕಂಡಿಷನಲ್ ಫಾರ್ಮ್ಯಾಟಿಂಗ್. ಆಕ್ಸೆಸ್ 2000ದಲ್ಲಿ ಬಂದ ಸೌಲಭ್ಯ ಇದು. 2007ರವರೆಗೆ ಒಂದು ಪೆಟ್ಟಿಗೆಗೆ ಮೂರೇ ಷರತ್ತು ಹಾಕಬಹುದಿತ್ತು. 2010ರಿಂದ 50 ಹಾಕಬಹುದು. ನಿಮ್ಮ ಹಳೆಯ ಕಂಪ್ಯೂಟರ್ ಇಲ್ಲೇ ಅಡ್ಡ ಬರುವುದು. ಅದಕ್ಕೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಇನ್ನೊಂದು ಮಿತಿಯನ್ನೂ ಈಗಲೇ ತಿಳಿದುಕೊಳ್ಳಿ. ಈ ಸೌಲಭ್ಯ ಟೆಕ್ಸ್ಟ್ ಬಾಕ್ಸ್ ಮತ್ತು ಕಾಂಬೋ ಬಾಕ್ಸ್‌ಗೆ ಮಾತ್ರ ಸಿಗುತ್ತದೆ. ಲೇಬಲ್‌ಗಿಲ್ಲ, ಚೆಕ್ ಬಾಕ್ಸ್‌ಗಿಲ್ಲ, ಡೀಟೇಲ್ ಸೆಕ್ಷನ್‌ಗೂ ಇಲ್ಲ. ಹಾಗಾದರೆ ಇಡೀ ಸಾಲಿಗೆ ಬಣ್ಣ ಹೇಗೆ? ಸಾಲಿನಷ್ಟೇ ಅಗಲ, ಎತ್ತರ ಇರುವ ಒಂದು ಖಾಲಿ ಟೆಕ್ಸ್ಟ್ ಬಾಕ್ಸ್ ಹಾಕಿ. ಅದನ್ನು ಸೆಂಡ್ ಟು ಬ್ಯಾಕ್ ಮಾಡಿ ಎಲ್ಲದರ ಹಿಂದಕ್ಕೆ ತಳ್ಳಿ. ಮೇಲಿನ ಪೆಟ್ಟಿಗೆಗಳ ಬ್ಯಾಕ್ ಸ್ಟೈಲನ್ನು ಟ್ರಾನ್ಸ್‌ಪರೆಂಟ್ ಮಾಡಿ. ಷರತ್ತುಗಳನ್ನು ಹಿಂದಿನ ಪೆಟ್ಟಿಗೆಗೆ ಮಾತ್ರ ಹಾಕಿ. ಆ ಹಿಂದಿನ ಪೆಟ್ಟಿಗೆಗೆ ಎನೇಬಲ್ಡ್ ನೋ, ಲಾಕ್ಡ್ ಯೆಸ್ ಎಂದು ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಯಾರಾದರೂ ತಪ್ಪಿ ಅದರ ಮೇಲೆ ಕ್ಲಿಕ್ ಮಾಡಿದ ಕೂಡಲೇ ಅದು ಮುಂದಕ್ಕೆ ಬಂದು ಇಡೀ ಸಾಲನ್ನೇ ಮುಚ್ಚಿಬಿಡುತ್ತದೆ. ಎನೇಬಲ್ಡ್ ನೋ ಒಂದನ್ನೇ ಕೊಟ್ಟರೆ ಪೆಟ್ಟಿಗೆ ಮಂಕಾಗಿ ಕಾಣುತ್ತದೆ, ಜೊತೆಗೆ ಲಾಕ್ಡ್ ಯೆಸ್ ಇದ್ದರೆ ಹಾಗಾಗುವುದಿಲ್ಲ. ಡೀಟೇಲ್ ಸೆಕ್ಷನ್‌ನ ಆಲ್ಟರ್ನೇಟ್ ಬ್ಯಾಕ್ ಕಲರ್ ಕೂಡ ತೆಗೆದುಬಿಡಿ. 2007ರಿಂದ ಆಕ್ಸೆಸ್ ತಾನಾಗಿಯೇ ಒಂದು ಬಿಟ್ಟು ಒಂದು ಸಾಲಿಗೆ ಬೂದು ಛಾಯೆ ಕೊಡುತ್ತದೆ. ನಿಮ್ಮ ಬಣ್ಣದ ಜೊತೆ ಅದೂ ಸೇರಿದರೆ ಯಾವುದು ಏನು ಎಂದು ಗೊತ್ತಾಗುವುದಿಲ್ಲ. ಟ್ರಾನ್ಸ್‌ಪರೆಂಟ್ ಪೆಟ್ಟಿಗೆಯೊಳಗೆ ಕರ್ಸರ್ ಹೋದಾಗ ಅದರ ಸ್ವಂತ ಬ್ಯಾಕ್ ಕಲರ್ ಕಾಣಿಸಿಕೊಳ್ಳುತ್ತದೆ. ಅದು ದೋಷ ಅಲ್ಲ. ಬಿಳಿ ಕೊಟ್ಟರೆ, ಎಲ್ಲಿ ಟೈಪ್ ಮಾಡುತ್ತಿದ್ದೇವೆ ಎಂಬುದು ಹುಡುಗರಿಗೆ ಚೆನ್ನಾಗಿ ಕಾಣುತ್ತದೆ.

ಇನ್ನು ಷರತ್ತು ಬರೆಯುವುದು. ಎಕ್ಸ್‌ಪ್ರೆಶನ್ ಈಸ್ ಆರಿಸಿ, [ಬಗೆ_ಸಂಖ್ಯೆ] = 3 ಎಂದು ಸಂಖ್ಯೆಯಿಂದಲೇ ಹೋಲಿಸಿ. ಹೆಸರಿನಿಂದ ಹೋಲಿಸಲು ಹೋಗಬೇಡಿ. ಕನ್ನಡದಲ್ಲಿ ದಾಖಲೆ ಇಡುವವರಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ವಾರಂಟಿ, ವಾರೆಂಟಿ, ವ್ಯಾರಂಟಿ ಎಂದು ಮೂವರು ಮೂರು ಥರ ಟೈಪ್ ಮಾಡುತ್ತಾರೆ. ಹಳೆಯ ರೆಕಾರ್ಡ್‌ಗಳು ನುಡಿಯ ಹಳೆಯ ಫಾಂಟ್‌ನಲ್ಲಿದ್ದು, ಹೊಸವು ಯೂನಿಕೋಡ್‌ನಲ್ಲಿದ್ದರೆ ಪರದೆಯ ಮೇಲೆ ಎರಡೂ ಒಂದೇ ಪದದಂತೆ ಕಾಣಬಹುದು. ಒಳಗೆ ಅವು ಬೇರೆ ಬೇರೆ ಅಕ್ಷರಗಳು. ಅರ್ಕಾವತ್ತು ಬಿಡಿಸಲು ಒತ್ತುವ, ಕಣ್ಣಿಗೆ ಕಾಣದ ಅಕ್ಷರವೊಂದು ಪದದ ಕೊನೆಯಲ್ಲಿ ಉಳಿದುಕೊಂಡರೂ ಹೋಲಿಕೆ ತಪ್ಪಬಹುದು. ಹಾಗೆಯೇ ಆಕ್ಸೆಸ್‌ನ ಕೋಡ್ ಬರೆಯುವ ವಿಬಿಎ ಎಡಿಟರ್‌ಗೆ ಯೂನಿಕೋಡ್ ಬರುವುದಿಲ್ಲ. ಟೇಬಲ್‌ನಲ್ಲಿ, ಫಾರ್ಮ್‌ನಲ್ಲಿ ಕನ್ನಡ ಚೆನ್ನಾಗಿಯೇ ಇರುತ್ತದೆ. ಅದನ್ನೇ ಕೋಡ್‌ನೊಳಗೆ ಅಂಟಿಸಿದರೆ ಪ್ರಶ್ನೆ ಚಿಹ್ನೆಗಳ ಸಾಲಾಗುತ್ತದೆ. ಆದ್ದರಿಂದ ಬಗೆಗಳಿಗೆ ಒಂದು ಸಣ್ಣ ಟೇಬಲ್ ಮಾಡಿ. ಸಂಖ್ಯೆ, ಹೆಸರು, ಎರಡಕ್ಷರದ ಗುರುತು, ಬಣ್ಣ. ಜಾಬ್ ಟೇಬಲ್‌ನಲ್ಲಿ ಸಂಖ್ಯೆ ಮಾತ್ರ ಇರಲಿ, ಫಾರ್ಮ್‌ನಲ್ಲಿ ಕಾಂಬೋ ಬಾಕ್ಸ್ ಹೆಸರು ತೋರಿಸಲಿ. ಕಾಂಬೋದಲ್ಲಿ ಹೆಸರು ಕಂಡರೂ ಅದರ ಬೆಲೆ ಹಿಂದಿರುವ ಸಂಖ್ಯೆಯೇ. ‘ಷರತ್ತು ಸರಿಯಾಗೇ ಇದೆ, ಬಣ್ಣ ಬರ್ತಿಲ್ಲ’ ಎಂದು ನನಗೆ ಬರುವ ಕಾಗದಗಳಲ್ಲಿ ಮುಕ್ಕಾಲು ಪಾಲು ಇದೇ ಕಥೆ.

ಬಣ್ಣ ಹಚ್ಚುವ ಮೊದಲು ನಿಮ್ಮ ಬಗೆಗಳ ಪಟ್ಟಿಯನ್ನೇ ಒಮ್ಮೆ ನೋಡೋಣ. ನನಗೆ ಅಲ್ಲೇ ತಕರಾರು ಇರುವುದು. ವಾರಂಟಿ, ಎಎಂಸಿ, ಕ್ಯಾಷ್ ಇವು ಜಾಬ್ ಯಾವ ಥರದ್ದು, ದುಡ್ಡು ಯಾರ ಕಡೆಯಿಂದ ಬರಬೇಕು ಎಂದು ಹೇಳುತ್ತವೆ. ಜಾಬ್ ಮುಗಿಯುವವರೆಗೆ ಇದು ಬದಲಾಗುವುದಿಲ್ಲ. ಪಾರ್ಟ್ ಬರಬೇಕು, ಎಸ್ಟಿಮೇಟ್ ಒಪ್ಪಿಗೆ ಬಾಕಿ, ಹೊರಗೆ ಕೊಟ್ಟಿದ್ದು ಇವು ಜಾಬ್ ಈಗ ಎಲ್ಲಿ ನಿಂತಿದೆ ಎಂದು ಹೇಳುತ್ತವೆ. ಇದು ನಾಳೆಯೇ ಬದಲಾಗಬಹುದು. ಎರಡನ್ನೂ ಒಂದೇ ಕಾಲಂಗೆ ತುರುಕಿದ್ದೀರಿ. ಎಎಂಸಿ ಗಿರಾಕಿಯ ಇನ್ವರ್ಟರ್ ಬೋರ್ಡನ್ನು ಎಸ್‌ಪಿ ರೋಡಿಗೆ ರಿಪೇರಿಗೆ ಕಳಿಸಿದಿರಿ ಎಂದುಕೊಳ್ಳಿ. ಆ ಸಾಲು ಹಳದಿಯೋ, ಹೊರಗೆ ಕೊಟ್ಟ ಬಣ್ಣವೋ? ಈಗಿನ ರೀತಿಯಲ್ಲಿ ಬಗೆಯನ್ನು ‘ಹೊರಗೆ’ ಎಂದು ಬದಲಿಸಿದ ಕೂಡಲೇ ಅದು ಎಎಂಸಿ ಜಾಬ್ ಎಂಬುದೇ ಅಳಿಸಿಹೋಗುತ್ತದೆ. ಬೋರ್ಡ್ ವಾಪಸ್ ಬಂದಾಗ ಹುಡುಗ ಕ್ಯಾಷ್ ಬಿಲ್ ಹಾಕಿಬಿಡುತ್ತಾನೆ. ಗಿರಾಕಿ ಜಗಳಕ್ಕೆ ಬರುತ್ತಾರೆ, ನ್ಯಾಯವಾಗಿಯೇ.

ಎರಡು ಕಾಲಂ ಮಾಡಿ: ಬಗೆ ಮತ್ತು ಸ್ಥಿತಿ. ರಿಪೀಟ್ ಕಂಪ್ಲೇಂಟ್ ಎರಡಕ್ಕೂ ಸೇರುವುದಿಲ್ಲ. ಅದು ಹೌದು-ಇಲ್ಲ ಥರದ್ದು. ವಾರಂಟಿ ಜಾಬೂ ರಿಪೀಟ್ ಆಗಬಹುದು, ಕ್ಯಾಷ್ ಜಾಬೂ ಆಗಬಹುದು. ಅದಕ್ಕೊಂದು ಬೇರೆ ಫೀಲ್ಡ್ ಇರಲಿ.

ಈಗ ಬಣ್ಣ ಹಂಚುವುದು ಸುಲಭ. ಬಗೆಗೆ ಸಾಲಿನ ಎಡತುದಿಯಲ್ಲಿ ಒಂದು ಪಟ್ಟಿ ಸಾಕು. ಸ್ಥಿತಿಗೆ ಸ್ಥಿತಿಯ ಪೆಟ್ಟಿಗೆಯಷ್ಟೇ ಬಣ್ಣ ಬರಲಿ. ಇಡೀ ಸಾಲಿಗೆ ಬಣ್ಣ ಹಚ್ಚುವ ಉಪಾಯ ಮೇಲೆ ಹೇಳಿದೆ, ನೀವು ಕೇಳಿದಿರಿ ಎಂದು. ಆದರೆ ಅದನ್ನು ಒಂದೇ ಒಂದು ವಿಷಯಕ್ಕೆ ಮೀಸಲಿಡಿ: ಕೊಡುತ್ತೇವೆ ಎಂದ ದಿನ ದಾಟಿಯೂ ಕೊಡದೆ ಉಳಿದ ಜಾಬ್. ಕೊಟ್ಟ ದಿನ ಖಾಲಿ, ಹೇಳಿದ ದಿನ ಇವತ್ತಿಗಿಂತ ಹಿಂದಿನದು. ಇದಕ್ಕೆ ಒಂದೇ ಷರತ್ತು ಸಾಕು. ಆಕ್ಸೆಸ್ 2007ರಲ್ಲೂ ಓಡುತ್ತದೆ. ಬೆಳಗ್ಗೆ ಶಟರ್ ಎತ್ತಿ ಕಂಪ್ಯೂಟರ್ ಹಾಕಿದಾಗ ಮೊದಲು ಕಣ್ಣಿಗೆ ಬೀಳಬೇಕಾದದ್ದು ಅದೇ ಅಲ್ವಾ? ಎಂಟು ಬಣ್ಣದ ಸಾಲುಗಳು ತುಂಬಿದ ಪರದೆಯಲ್ಲಿ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಷರತ್ತುಗಳನ್ನು ಆಕ್ಸೆಸ್ ಮೇಲಿಂದ ಕೆಳಗೆ ನೋಡುತ್ತದೆ, ಮೊದಲು ಹೊಂದಿದ್ದೇ ಗೆಲ್ಲುತ್ತದೆ. ಒಂದೇ ಪೆಟ್ಟಿಗೆಗೆ ಹಲವು ಷರತ್ತು ಹಾಕಿದರೆ ತುರ್ತಿನದು ಮೇಲಿರಲಿ.

ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಹುಡುಗರೇ ಬಣ್ಣ ಸೇರಿಸಬೇಕು ಎಂದರೆ ಬಣ್ಣ ಫಾರ್ಮ್‌ನ ಡಿಸೈನ್‌ನಲ್ಲಿ ಇರಬಾರದು, ಬಗೆಗಳ ಟೇಬಲ್‌ನಲ್ಲಿರಬೇಕು. ಮೊದಲು ಫಾರ್ಮ್‌ನ ರೆಕಾರ್ಡ್ ಸೋರ್ಸಿಗೆ (ದಾಖಲೆಗಳು ಬರುವ ಮೂಲ) ಜಾಬ್ ಟೇಬಲ್ ಮತ್ತು ಬಗೆ ಟೇಬಲ್ ಎರಡನ್ನೂ ಸೇರಿಸಿದ ಕ್ವೆರಿ ಮಾಡಿ. ಜೋಡಣೆ ಲೆಫ್ಟ್ ಜಾಯಿನ್ ಇರಲಿ, ಅಂದರೆ ಬಗೆ ಇರಲಿ ಬಿಡಲಿ ಎಲ್ಲ ಜಾಬ್‌ಗಳೂ ಬರುವ ಜೋಡಣೆ. ಇನ್ನರ್ ಜಾಯಿನ್ ಆದರೆ ಬಗೆ ತುಂಬದೆ ಬಿಟ್ಟ ಜಾಬ್‌ಗಳು ಫಾರ್ಮ್‌ನಿಂದಲೇ ಮಾಯವಾಗುತ್ತವೆ. ಸಾಮಾನು ಮಾತ್ರ ಅಂಗಡಿಯಲ್ಲೇ ಕೂತಿರುತ್ತದೆ. ಬಗೆ ಟೇಬಲ್‌ನಿಂದ ಬರುವ ಫೀಲ್ಡ್‌ಗಳನ್ನು ಫಾರ್ಮ್‌ನಲ್ಲಿ ಲಾಕ್ ಮಾಡಿ. ಯಾರಾದರೂ ಒಂದು ಸಾಲಿನಲ್ಲಿ ‘ವಾರಂಟಿ’ಯನ್ನು ಅಳಿಸಿ ‘ಕ್ಯಾಷ್’ ಎಂದು ಬರೆದರೆ ಬದಲಾಗುವುದು ಆ ಜಾಬ್ ಅಲ್ಲ. ಬಗೆಯ ಹೆಸರೇ ಬದಲಾಗಿ ಎಲ್ಲ ವಾರಂಟಿ ಜಾಬ್‌ಗಳೂ ಕ್ಯಾಷ್ ಎಂದು ಕಾಣತೊಡಗುತ್ತವೆ.

ಬಣ್ಣ ಮೂಡಿಸಲು ಎರಡು ದಾರಿ. ಮೊದಲನೆಯದು, ಫಾರ್ಮ್ ತೆರೆಯುವಾಗ ಕೋಡ್ ಬಗೆಗಳ ಟೇಬಲ್ ಓದಿ, ಹಳೆಯ ಷರತ್ತುಗಳನ್ನೆಲ್ಲ ಅಳಿಸಿ, ಪ್ರತಿ ಬಗೆಗೂ ಹೊಸ ಷರತ್ತು ಸೇರಿಸುವುದು. ಫಾರ್ಮ್ಯಾಟ್ ಕಂಡಿಷನ್ಸ್ ಎಂಬ ಪಟ್ಟಿಗೆ ಆಡ್ ಮಾಡಿದಾಗ ಹೊಸ ಷರತ್ತು ಒಂದು ಆಬ್ಜೆಕ್ಟ್ ಆಗಿ ಕೈಗೆ ಬರುತ್ತದೆ. ಅದಕ್ಕೇ ನೇರವಾಗಿ ಬ್ಯಾಕ್ ಕಲರ್ ಕೊಡಿ. ಟೇಬಲ್‌ನಲ್ಲಿ ಬಣ್ಣವನ್ನು ಸಂಖ್ಯೆಯಾಗಿ ಇಡಬೇಕು. ಕೆಂಪಿನ ಅಂಶ, ಅದಕ್ಕೆ ಹಸಿರಿನ ಅಂಶದ 256 ಪಟ್ಟು, ನೀಲಿಯ ಅಂಶದ 65536 ಪಟ್ಟು ಕೂಡಿಸಿದರೆ ಬರುವ ಸಂಖ್ಯೆ. ಹೀಗಾಗಿ ಅಚ್ಚ ಕೆಂಪು ಬರೀ 255, ಅಚ್ಚ ನೀಲಿ 16711680. ಈ ದಾರಿ ಚೆನ್ನಾಗಿಯೇ ಇದೆ, ಆದರೆ 2007ರ ಕಂಪ್ಯೂಟರ್‌ನಲ್ಲಿ ಮೂರಕ್ಕೆ ನಿಲ್ಲುತ್ತದೆ.

ನಿಮಗೆ ನಾನು ಹೇಳುವುದು ಎರಡನೆಯ ದಾರಿ. ಆಕ್ಸೆಸ್ 2007ರಿಂದ ಟೆಕ್ಸ್ಟ್ ಬಾಕ್ಸ್‌ನ ಟೆಕ್ಸ್ಟ್ ಫಾರ್ಮ್ಯಾಟ್ ಎಂಬಲ್ಲಿ ರಿಚ್ ಟೆಕ್ಸ್ಟ್ ಕೊಡಬಹುದು. ಆಗ ಆ ಪೆಟ್ಟಿಗೆ ಎಚ್‌ಟಿಎಂಎಲ್‌ನ ಕೆಲವು ಟ್ಯಾಗ್‌ಗಳನ್ನು ಅರ್ಥ ಮಾಡಿಕೊಳ್ಳುತ್ತದೆ. ಫಾಂಟ್ ಟ್ಯಾಗ್‌ನ ಕಲರ್ ಅದರಲ್ಲೊಂದು. ಯೂನಿಕೋಡ್‌ನಲ್ಲಿ 9608ನೇ ಅಕ್ಷರ ಪೂರ್ತಿ ತುಂಬಿದ ಒಂದು ಚೌಕ. ಎಡತುದಿಯಲ್ಲಿ ಒಂದು ಸಣ್ಣ ಟೆಕ್ಸ್ಟ್ ಬಾಕ್ಸ್ ಹಾಕಿ. ಅದರ ಕಂಟ್ರೋಲ್ ಸೋರ್ಸ್‌ನಲ್ಲಿ ಫಾಂಟ್ ಟ್ಯಾಗ್ ಬರೆದು, ಕಲರ್ ಎಂಬಲ್ಲಿ ಟೇಬಲ್‌ನ ಬಣ್ಣದ ಫೀಲ್ಡನ್ನು ಜೋಡಿಸಿ, ಟ್ಯಾಗ್‌ನ ಒಳಗೆ ಈ ಚೌಕವನ್ನು ಎರಡು ಮೂರು ಸಲ ಬರುವಂತೆ ಮಾಡಿ. ಪಟ್ಟಿಗೆ ಬಣ್ಣ ಬರುವುದು ಹಿನ್ನೆಲೆಯಿಂದಲ್ಲ, ಅಕ್ಷರದಿಂದ. ಪ್ರತಿ ಸಾಲಿನಲ್ಲೂ ಅಕ್ಷರ ಆ ರೆಕಾರ್ಡಿನದೇ ಆದ್ದರಿಂದ ಬಣ್ಣವೂ ಆ ರೆಕಾರ್ಡಿನದೇ. ಷರತ್ತೇ ಇಲ್ಲ, ಹಾಗಾಗಿ ಮೂರು, ಐವತ್ತು ಎಂಬ ಮಿತಿಯೂ ಇಲ್ಲ. ಕೋಡ್ ಒಂದು ಸಾಲೂ ಬೇಡ.

ಸಣ್ಣ ಎಚ್ಚರಿಕೆಗಳು ಕೆಲವು. ಇಲ್ಲಿ ಬಣ್ಣವನ್ನು ಸಂಖ್ಯೆಯಾಗಿ ಅಲ್ಲ, ಹ್ಯಾಶ್ ಗುರುತಿನಿಂದ ಶುರುವಾಗುವ ಆರಕ್ಷರದ ಕೋಡ್ ಆಗಿ, ಟೆಕ್ಸ್ಟ್ ಫೀಲ್ಡ್‌ನಲ್ಲಿ ಇಡಬೇಕು. ಇದರಲ್ಲಿ ಕೆಂಪು ಮೊದಲು, ನೀಲಿ ಕೊನೆಗೆ. ಪ್ರಾಪರ್ಟಿ ಶೀಟ್‌ನಲ್ಲಿ ಮೋರ್ ಕಲರ್ಸ್‌ಗೆ ಹೋಗಿ ಬಣ್ಣ ಆರಿಸಿದರೆ ಈ ಕೋಡ್ ಅಲ್ಲೇ ಕಾಣುತ್ತದೆ, ಕಾಪಿ ಮಾಡಿಕೊಳ್ಳಿ. ಬಗೆ ತುಂಬದ ಸಾಲಿನಲ್ಲಿ ಬಣ್ಣದ ಫೀಲ್ಡ್ ಖಾಲಿ ಇರುತ್ತದೆ. ಅದಕ್ಕೆ ಎನ್‌ಜಡ್ ಫಂಕ್ಷನ್ ಬಳಸಿ ಬಿಳಿ ಕೊಡಿ, ಇಲ್ಲದಿದ್ದರೆ ಕಪ್ಪು ಪಟ್ಟಿ ಬರುವ ಸಂಭವ ಇದೆ. ಆ ಪೆಟ್ಟಿಗೆಗೆ ಏರಿಯಲ್ ಫಾಂಟ್ ಕೊಡಿ, ಸಾಲಿನ ಎತ್ತರ ತುಂಬುವಷ್ಟು ದೊಡ್ಡದು ಮಾಡಿ. ಬಣ್ಣ ಹುಡುಕಲು ಡಿಲುಕಪ್ (DLookup) ಫಂಕ್ಷನ್ ಹಾಕುವ ಆಸೆ ಬರುತ್ತದೆ, ಬೇಡ. ಪ್ರತಿ ಸಾಲಿಗೂ ಅದು ಟೇಬಲ್‌ಗೆ ಹೋಗಿ ಬರುತ್ತದೆ. ನೆಟ್‌ವರ್ಕ್ ಮೇಲಿರುವ ಫೈಲ್ ಆದರೆ ಸ್ಕ್ರೋಲ್ ಮಾಡುವಾಗ ಪರದೆ ತಡವರಿಸುತ್ತದೆ. ಜಾಯಿನ್ ಇರುವಾಗ ಅದರ ಅಗತ್ಯವೇ ಇಲ್ಲ.

ಯಾವ ಬಣ್ಣ? ನಿಮ್ಮ ತಂದೆಯವರು ಆಗಲೇ ಆರಿಸಿಟ್ಟಿದ್ದಾರೆ. ಗುಲಾಬಿ, ಹಳದಿ, ಬಿಳಿ. ಅಂಗಡಿಯ ಹಳಬರಿಗೆ ಗುಲಾಬಿ ಎಂದರೆ ವಾರಂಟಿ ಎಂದು ಯೋಚಿಸದೆ ಗೊತ್ತಾಗುತ್ತದೆ. ಕಂಪ್ಯೂಟರ್ ಬಂತು ಎಂದು ಅದನ್ನು ಸುಮ್ನೆ ಬದಲಿಸಬೇಡಿ. ಅವರು ಕ್ಯಾಷ್ ಕೆಲಸಕ್ಕೆ ಬಿಳಿ ಇಟ್ಟಿದ್ದು ಬಣ್ಣದ ಕಾಗದದ ಖರ್ಚು ಉಳಿಸಲು ಇರಬಹುದು. ಆದರೂ ಅದು ತುಂಬ ಸರಿಯಾದ ಆಯ್ಕೆ. ಅತಿ ಹೆಚ್ಚು ಬರುವ ಬಗೆಗೆ ಬಣ್ಣವೇ ಬೇಡ. ಆಗ ಉಳಿದವು ಎದ್ದು ಕಾಣುತ್ತವೆ.

ಅಕ್ಷರದ ಹಿಂದೆ ಬರುವ ಬಣ್ಣಗಳು ಮಾತ್ರ ತಿಳಿಯಾಗಿರಲಿ, ಅಕ್ಷರ ಕಪ್ಪಗಿರಲಿ. ವೆಬ್ ಪುಟಗಳಿಗೆಂದು ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್ ಕೇಳುತ್ತದೆ. ನಿಮ್ಮ ಫಾರ್ಮಿಗೂ ಅದೇ ಅಳತೆ ಇರಲಿ. ಕನ್ನಡಕ್ಕೆ ಇನ್ನೂ ಸ್ವಲ್ಪ ಧಾರಾಳವಾಗಿ ಕೊಡಿ. ಒತ್ತಕ್ಷರ ಸಾಲಿನ ಕೆಳಗೆ ಚಿಕ್ಕದಾಗಿ ಬರುತ್ತದೆ, ಗಾಢ ಹಿನ್ನೆಲೆಯಲ್ಲಿ ಮೊದಲು ಮಂಕಾಗುವುದು ಅದೇ.

ಬಣ್ಣವೊಂದನ್ನೇ ನಂಬಬೇಡಿ. ಕೆಂಪು-ಹಸಿರು ಗುರುತಿಸಲಾಗದ ತೊಂದರೆಗೆ ಕಾರಣವಾದ ಜೀನ್‌ಗಳು ಎಕ್ಸ್ ಕ್ರೋಮೋಸೋಮ್ ಮೇಲಿವೆ, ಆದ್ದರಿಂದ ಅದು ಹೆಂಗಸರಿಗಿಂತ ಗಂಡಸರಲ್ಲಿ ಬಹಳ ಜಾಸ್ತಿ. ಎಷ್ಟೋ ಜನರಿಗೆ ತಮಗೆ ಹಾಗಿದೆ ಎಂಬುದೇ ಗೊತ್ತಿರುವುದಿಲ್ಲ. ಬಿಸ್ಕತ್ ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ನೋಡಿದ್ದೀರಿ. ಮಾಂಸಾಹಾರಕ್ಕೂ ಮೊದಲು ಅದೇ ಆಕಾರದ ಕಂದು ಚುಕ್ಕೆ ಇತ್ತು. ಬಣ್ಣ ಗುರುತಿಸಲಾಗದವರಿಗೆ ಎರಡೂ ಒಂದೇ ಥರ ಕಾಣುತ್ತಿದ್ದವು. 2020ರ ಲೇಬಲ್ ನಿಯಮಗಳಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆ ಕಂದು ಚುಕ್ಕೆಯನ್ನು ತ್ರಿಕೋನ ಮಾಡಿತು. ನೀವೂ ಪಟ್ಟಿಯ ಪಕ್ಕ ಎರಡಕ್ಷರದ ಗುರುತು ತೋರಿಸಿ. ವಾರಂಟಿಗೆ ‘ವಾರಂ’, ಎಎಂಸಿಗೆ ‘ಎಎಂ’, ಹೀಗೆ. ಗುಲಾಬಿಯೂ ಹಳದಿಯೂ ಕಪ್ಪು-ಬಿಳುಪು ಲೇಸರ್ ಪ್ರಿಂಟರ್‌ನಲ್ಲಿ ಒಂದೇ ಬೂದು ಬಣ್ಣವಾಗಿ ಬರುವಾಗಲೂ ಇದೇ ಕೈ ಹಿಡಿಯುವುದು.

ಪ್ರಿಂಟ್ ಎಂದಾಗ ಒಂದು ಮಾತು. ರಿಪೋರ್ಟ್‌ನಲ್ಲಿ ಡೀಟೇಲ್ ಸೆಕ್ಷನ್‌ನ ಆನ್ ಫಾರ್ಮ್ಯಾಟ್ ಈವೆಂಟ್ ಪ್ರತಿ ರೆಕಾರ್ಡಿಗೂ ಓಡುತ್ತದೆ. ನಿಮ್ಮ ಕೋಡ್ ಅಲ್ಲಿ ಹಾಕಿದರೆ ಸಾಲಿಗೊಂದು ಬಣ್ಣ ಸರಿಯಾಗಿಯೇ ಬರುತ್ತದೆ. ಪ್ರಿಂಟ್ ಪ್ರಿವ್ಯೂನಲ್ಲಿ ನೋಡಿ. ರಿಪೋರ್ಟ್ ವ್ಯೂನಲ್ಲಿ ಆ ಈವೆಂಟ್ ಓಡುವುದಿಲ್ಲ.

ಕೊನೆಗೆ ಕೌಂಟರ್ ಹುಡುಗರು. ಬಗೆ ಸೇರಿಸಲು ಒಂದು ಪುಟ್ಟ ಫಾರ್ಮ್ ಕೊಡಿ, ಆದರೆ ಬೇಕಾದ ಬಣ್ಣ ಆರಿಸುವ ಸ್ವಾತಂತ್ರ್ಯ ಬೇಡ. ಕೊಟ್ಟರೆ ಒಬ್ಬ ಗಾಢ ನೀಲಿ ಹಾಕುತ್ತಾನೆ, ಇನ್ನೊಬ್ಬ ಅದರ ಪಕ್ಕದ ನೀಲಿ ಹಾಕುತ್ತಾನೆ. ನೀವೇ ಒಂದಕ್ಕೊಂದು ಬೇರೆಯಾಗಿ ಕಾಣುವ ಏಳೆಂಟು ಬಣ್ಣ ಆರಿಸಿ ಇನ್ನೊಂದು ಟೇಬಲ್‌ನಲ್ಲಿ ಇಡಿ, ಅವರು ಕಾಂಬೋದಿಂದ ಆರಿಸಲಿ. ಬಗೆ ಟೇಬಲ್‌ನ ಬಣ್ಣದ ಫೀಲ್ಡಿಗೆ ನೋ ಡೂಪ್ಲಿಕೇಟ್ಸ್ ಇಂಡೆಕ್ಸ್ ಹಾಕಿದರೆ ಒಂದೇ ಬಣ್ಣ ಎರಡು ಬಗೆಗೆ ಹೋಗುವುದಿಲ್ಲ. ಬಣ್ಣ ಮುಗಿದುಹೋದರೆ ಹೊಸ ಬಗೆ ನಿಜವಾಗಿ ಬೇಕೇ ಎಂದು ಕೇಳಲು ನಿಮ್ಮ ಹತ್ತಿರ ಬರುತ್ತಾರೆ, ಬರಲಿ. ಈ ಎರಡು ಟೇಬಲ್‌ಗಳು ಎಲ್ಲ ಕಂಪ್ಯೂಟರ್‌ಗಳೂ ಹಂಚಿಕೊಳ್ಳುವ ಬ್ಯಾಕ್ ಎಂಡ್ ಫೈಲ್‌ನಲ್ಲಿರಲಿ. ಒಬ್ಬರು ಬಣ್ಣ ಬದಲಿಸಿದರೆ ಉಳಿದವರು ಫಾರ್ಮ್ ಮುಚ್ಚಿ ತೆರೆದರೆ ಸಾಕು, ಹೊಸದು ಕಾಣುತ್ತದೆ.